ಬಣ್ಣವಿಲ್ಲದ ಉಬ್ಬು, ತಿರುಗದ ಕತ್ತು

ರಸ್ತೆಯುಬ್ಬುಗಳ ಉಸ್ತುವಾರಿ ಹೊತ್ತಿರುವ ಮಾನ್ಯರೇ,

ನಿಮ್ಮ ಕಚೇರಿಯೆದುರು ರಾತ್ರೋರಾತ್ರಿ ತಲೆಯೆತ್ತಿದ ಉಬ್ಬು ನನ್ನ ಕತ್ತು ಕೆಡಿಸಿದೆ. ಅದಕ್ಕೆ ಬಣ್ಣವಿಲ್ಲ, ಪಕ್ಕದಲ್ಲಿ ಫಲಕವಿಲ್ಲ, ಕೇಳಿದರೆ ಉತ್ತರವಿಲ್ಲ. ರಸ್ತೆಯೂ ಕಪ್ಪು, ಉಬ್ಬೂ ಕಪ್ಪು. ಕಾಣದಿದ್ದರೆ ಮಾತ್ರ ನಮ್ಮ ತಪ್ಪು!

ನಾನು ಡ್ರೈವಿಂಗ್ ಶಾಲೆಯ ಮೇಷ್ಟ್ರು. "ಕ್ಲಚ್ ಬಿಡಿ, ಕಣ್ಣು ಬಿಡಿ" ಎನ್ನುತ್ತಲೇ ತಲೆ ನರೆಸಿಕೊಂಡವನು. ಕತ್ತು ಕೆಟ್ಟ ದಿನ ಸ್ಟಿಯರಿಂಗ್ ಹಿಡಿದಿದ್ದವರು ನನ್ನ ಅತ್ತಿಗೆ. ಪರದೆ ಹೊಲಿದು ಅಂಗಡಿಗಳಿಗೆ ಕೊಡುವ ಅವರು, ಬಾಡಿಗೆ ಗಾಡಿಯವರ ಹಂಗು ಸಾಕಾಗಿ, ಐವತ್ತರ ಹೊಸ್ತಿಲಲ್ಲಿ ಹಳೆಯ ವ್ಯಾನೊಂದನ್ನು ಕೊಂಡು ನನ್ನಿಂದಲೇ ಓಡಿಸಲು ಕಲಿಯುತ್ತಿದ್ದರು. ಉಬ್ಬು ಕಂಡದ್ದೇ ಕೊನೇ ಗಳಿಗೆಯಲ್ಲಿ. ಅತ್ತಿಗೆ ಬ್ರೇಕ್ ಒತ್ತಿದರು. ಹಿಂದಿದ್ದ ಬ್ರೆಡ್ ಗಾಡಿಗೆ ಬ್ರೇಕ್ ನೆನಪಾಗುವಷ್ಟರಲ್ಲಿ ಅದು ನಮ್ಮ ಬೆನ್ನಿಗೇ ಬಂದು ಗುದ್ದಿತ್ತು. ನನ್ನ ತಲೆ ಹಿಂದಕ್ಕೆ ಹೋಗಿ ಮುಂದಕ್ಕೆ ಬಂತು.

"ಏನಾಯ್ತಪ್ಪಾ?"

"ಏನಿಲ್ಲ ಅತ್ತಿಗೆ, ಇಂಡಿಕೇಟರ್ ಹಾಕಿ."

ಮರುದಿನ ಎದ್ದರೆ ಕತ್ತು ಕಂಬವಾಗಿತ್ತು. ಆಸ್ಪತ್ರೆಯವರು ಎಕ್ಸ್‌ರೇ ತೆಗೆದು, ಮೂಳೆ ಮುರಿದಿಲ್ಲವೆಂದು ಕತ್ತುಪಟ್ಟಿ ತೊಡಿಸಿದರು. ಇದು ಚಾಟಿ ಬೀಸಿದಂತೆ ಆಗುವ ಗಾಯವಂತೆ. ಬೀಸಿದ್ದು ನಿಮ್ಮ ಇಲಾಖೆ, ಬಿದ್ದದ್ದು ನನ್ನ ಕತ್ತಿಗೆ! ನೋವು ಇಳಿಯದಾಗ, ಕೈಯಿಂದಲೇ ಕೀಲು ಸ್ನಾಯುಗಳನ್ನು ಸಡಿಲಿಸುವ ಆಸ್ಟಿಯೋಪತಿ ಚಿಕಿತ್ಸಕಿಯ ಬಳಿ ಕಳಿಸಿದರು. ಆಕೆ ಕತ್ತು ಬಿಟ್ಟು ಪಕ್ಕೆಲುಬಿಗೆ ಕೈಯಿಟ್ಟರು.

"ಮೇಡಂ, ನೋವಿರೋದು ಮೇಲ್ಗಡೆ."

"ಗೊತ್ತು ರೀ. ಬೆನ್ನು, ಭುಜ, ಪಕ್ಕೆ ಎಲ್ಲಾ ಹೆದರಿ ಬಿಗಿದುಕೊಂಡಿವೆ. ಮೊದಲು ನೆಂಟರನ್ನ ಸಮಾಧಾನ ಮಾಡೋಣ, ಆಮೇಲೆ ಯಜಮಾನರ ಹತ್ರ ಹೋಗೋಣ."

"ಲಟಕ್ ಅನ್ನಿಸಿಬಿಡಲ್ವಾ?"

"ಲಟಕ್ ಅನ್ನಿಸೋಕೆ ಅದೇನು ಬೆರಳಾ? ಸುಮ್ನೆ ಉಸಿರು ಬಿಡಿ."

ಹೀಗೆ ಸಮಾಧಾನಗೊಳ್ಳುತ್ತಿದ್ದ ಕತ್ತನ್ನು ಹೊತ್ತು ನಿಮ್ಮ ಕಚೇರಿಗೆ ಬಂದೆ. ನಿಮ್ಮ ಸಹಾಯಕರು ನನ್ನ ಎಡಕ್ಕೆ ಕೂತಿದ್ದರು. ಎದುರಿನ ಕಪಾಟಿಗೆ ನಮಸ್ಕಾರ ಹೇಳಿ, ವಿಷಯವನ್ನೂ ಅದಕ್ಕೇ ಅರುಹಿದೆ. ಎಡದಿಂದ ಉತ್ತರ ಬಂತು: "ಉಬ್ಬು ಇದೆ ಅಂತ ಈಗ ಗೊತ್ತಾಯ್ತಲ್ಲ ಸಾರ್, ಇನ್ನು ಬಣ್ಣ ಯಾಕೆ?" ಅಡ್ಡಡ್ಡ ತಲೆಯಾಡಿಸೋಣವೆಂದರೆ ತಲೆ ಒಪ್ಪಲಿಲ್ಲ. "ನೋಡಿ, ನೀವೂ ಇಲ್ಲ ಅನ್ನಲಿಲ್ಲ!" ಎಂದು ಅವರು ಸಂಭ್ರಮದಿಂದ ಊಟಕ್ಕೆ ಎದ್ದರು. ಸ್ವಾಮೀ, ತಲೆಯಾಡಿಸದವರೆಲ್ಲ ಒಪ್ಪಿದವರೆಂದಾದರೆ, ನಿಮ್ಮ ಕಚೇರಿಯ ಗೋಡೆಗಳಷ್ಟು ಆಜ್ಞಾಧಾರಕ ಪ್ರಜೆಗಳು ಇನ್ನೆಲ್ಲಿ ಸಿಕ್ಕಾರು?

ನನ್ನ ಕತ್ತು ವಾಸಿಯಾದೀತು. ಬಲಗಡೆಯ ಕನ್ನಡಿ ಈಗಾಗಲೇ ಕಾಣುತ್ತಿದೆ. ವಾಸಿಯಾಗದಿರುವುದು ಅತ್ತಿಗೆಯ ಧೈರ್ಯ. ವ್ಯಾನಿಗೆ ಹಳೆಯ ಪರದೆ ಹೊದಿಸಿ, "ನಿನ್ನ ಕತ್ತು ಮುರಿಯೋಕೆ ನಾನೇ ಬೇಕಿತ್ತಾ? ಬೇಡಪ್ಪಾ, ನನಗೆ ಸೂಜಿನೇ ಸಾಕು" ಎನ್ನುತ್ತಾರೆ. ಅಕ್ಕಪಕ್ಕದವರೋ, "ಈ ವಯಸ್ಸಲ್ಲಿ ಯಾಕೆ ಬೇಕಿತ್ತು?" ಎಂದು ಗಾಯಕ್ಕೆ ಉಪ್ಪು ಸವರುತ್ತಾರೆ. ಬ್ರೇಕ್ ಹಾಕಿದವರು ಅಪರಾಧಿ, ಉಬ್ಬು ಹಾಕಿದವರು ಅಧಿಕಾರಿ. ಇದ್ಯಾವ ಸೀಮೆಯ ನ್ಯಾಯ? ಮೇಷ್ಟ್ರಾಗಿ ಹೇಳುತ್ತೇನೆ: ಅಂದು ಆ ರಸ್ತೆಯಲ್ಲಿ ತಮ್ಮ ಕೆಲಸ ಸರಿಯಾಗಿ ಮಾಡಿದವರು ಅತ್ತಿಗೆ ಒಬ್ಬರೇ.

ಆದ್ದರಿಂದ ಈ ವಾರದೊಳಗೆ ಉಬ್ಬಿಗೆ ಬಿಳಿ ಪಟ್ಟೆ ಬಳಿಸಿ, ದೂರದಿಂದಲೇ ಕಾಣುವಂತೆ ಫಲಕ ನೆಡಿಸಿ, ತಪ್ಪು ನಿಮ್ಮದೆಂದು ಅತ್ತಿಗೆಗೆ ಖುದ್ದಾಗಿ ಬಂದು ಹೇಳಿ. ಆಗದೆಂದರೆ ಸೋಮವಾರ ಬೆಳಿಗ್ಗೆ ನನ್ನ ಸೀಟಿನಲ್ಲಿ ನೀವು ಕೂರಿ. ಅದೇ ಉಬ್ಬಿನ ಮೇಲೆ ಅತ್ತಿಗೆ ನಿಮ್ಮನ್ನು ಕರೆದೊಯ್ಯಲಿ. ಈ ಸಾಲನ್ನು ಅತ್ತಿಗೆಗೆ ಓದಿ ಹೇಳಿದ್ದೇ ತಡ, ಅವರು ವ್ಯಾನಿನ ಪರದೆ ಎಳೆದುಹಾಕಿ ಕೀಲಿಕೈ ಹುಡುಕುತ್ತಿದ್ದಾರೆ.

ಇಂತಿ,
ಬಲಕ್ಕೆ ಅರ್ಧ, ಎಡಕ್ಕೆ ಕಾಲು ಮಾತ್ರ ತಿರುಗಬಲ್ಲ
ಡ್ರೈವಿಂಗ್ ಮೇಷ್ಟ್ರು