ಕೋಡುಬಳೆಯ ಕೆಳಗಿದ್ದ ಹಾಳೆಗಳು

ರೀ,

ಹುಳಿ ಬಿಸಿ ಮಾಡಿಕೊಳ್ಳಿ. ಮಾತ್ರೆ ಊಟವಾದ ಮೇಲೆ, ಮೊದಲಲ್ಲ.

ಹಿತ್ತಲ ತಂತಿಯ ಮೇಲೆ ಹರವಿರುವ ಹಾಳೆಗಳನ್ನು ಮುಟ್ಟಬೇಡಿ. ಎಣ್ಣೆ ಕುಡಿದು ಆಚೆ ಬದಿಯ ಅಕ್ಷರವೆಲ್ಲ ಈಚೆಗೆ ಕಾಣುತ್ತಿದೆ, ಒಂದು ಸಾಲೂ ಓದಲಾಗಲಿಲ್ಲ. ಕೋಡುಬಳೆ ಹಾಕಲು ಹಳೇ ಪೇಪರ್ ಹಾಸಿ ಎಂದರೆ, ನಾನು ಓದುತ್ತಿದ್ದ, ಹೊಲಿಗೆ ಬಿಟ್ಟಿದ್ದ ಪತ್ತೇದಾರಿ ಕಾದಂಬರಿಯ ಕೊನೆಯ ಹಾಳೆಗಳೇ ಸಿಕ್ಕವಲ್ಲ ನಿಮಗೆ!

ಈ ಜನ್ಮದಲ್ಲಿ ನಾನು ಆಸೆಪಟ್ಟು ಓದಿದ್ದು ಅದೊಂದೇ ಪುಸ್ತಕ. ಇನ್ನೊಂದು ಪ್ರತಿಗಾಗಿ ಗಾಂಧಿ ಬಜಾರಿನ ಪುಸ್ತಕದಂಗಡಿಗಳಲ್ಲೆಲ್ಲ ಕೇಳಿ ಬಂದೆ. ಈಗ ಅಚ್ಚಿನಲ್ಲೇ ಇಲ್ಲವಂತೆ.

"ಯಾರೋ ಒಬ್ಬ ಕೊಂದಿರ್ತಾನೆ ಬಿಡೇ, ಅದಕ್ಯಾಕೆ ಅಳ್ತೀಯ" ಅಂದಿರಿ. ಉಗ್ರಾಣದವನೇ ಕೊಂದದ್ದೆಂದು ನನಗೆ ಅರ್ಧಕ್ಕೇ ಗೊತ್ತಾಗಿತ್ತು. ಆದರೆ ಆ ಗೌರಾಂಬೆ, ಗಂಡ ಬೇಡವೆಂದರೂ ಕೇಳದೆ ಅರಮನೆಯ ಕೊಲೆ ಪತ್ತೆ ಮಾಡಲು ಒಬ್ಬಳೇ ಹೊರಟವಳು, ಆಮೇಲೆ ಮನೆಗೆ ಹಿಂದಿರುಗಿದಳೋ ಇಲ್ಲವೋ? ಅದು ಇನ್ನು ನನಗೆ ತಿಳಿಯುವುದೇ ಇಲ್ಲ.

ಕೋಡುಬಳೆ ಮೇಲಿನ ಡಬ್ಬದಲ್ಲಿದೆ, ನೀವೇ ತಿನ್ನಿ. ನನಗೊಂದೂ ಬೇಡ.

ತ್ಯಾಗರಾಜನಗರಕ್ಕೆ, ಅಕ್ಕನ ಮನೆಗೆ ಹೋಗುತ್ತಿದ್ದೇನೆ. ಯಾವಾಗ ಬರುತ್ತೀಯ ಎಂದು ಫೋನ್ ಮಾಡಬೇಡಿ. ಕೊನೆಯ ಹಾಳೆ ನನಗೂ ಸಿಕ್ಕಿಲ್ಲ.

ಗೋದಾ