ಇನ್ನೂರ ಹದಿನಾಲ್ಕನೆಯ ಪ್ರಬಂಧ

ಅಂಬಲಪಾಡಿ
೧೮ ನವೆಂಬರ್ ೨೦೨೫

ಪ್ರೀತಿಯ ಮೇಧಾ,

ನಿನ್ನ ಕಾಗದ ಬಂದು ಹತ್ತೊಂಬತ್ತು ದಿನವಾಯಿತು. ತಡವಾದದ್ದಕ್ಕೆ ಬೇಸರಿಸಬೇಡ. ಉತ್ತರ ಬರೆಯಲೆಂದು ಕೂತು ನಾಲ್ಕು ಸಲ ಎದ್ದುಹೋಗಿದ್ದೇನೆ. ಮೊನ್ನೆ ಕಾರ್ಕಳದಿಂದ ನಿನ್ನ ಅಪ್ಪ ಫೋನ್ ಮಾಡಿ, "ಅಕ್ಕ, ನಿಟ್ಟೆಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಅವಳಿಗೆ ಎಂತ ತೊಂದರೆಯೂ ಇಲ್ಲ. ಆದರೂ ಪುನಃ ಆ ಲಿಬರಲ್ ಆರ್ಟ್ಸ್ ಹುಚ್ಚು ಹಿಡಿದಿದೆ. ನೀನೇ ಸ್ವಲ್ಪ ಬುದ್ಧಿ ಹೇಳು" ಎಂದ. ಕಷ್ಟದ ಕೆಲಸಗಳೆಲ್ಲ ಅಕ್ಕನಿಗೆ ಎಂದು ನನ್ನ ತಮ್ಮ ವಿಜಯೀಂದ್ರ ಯಾವತ್ತೋ ತೀರ್ಮಾನಿಸಿಬಿಟ್ಟಿದ್ದಾನೆ. ನೀನು ಮೂರು ವರ್ಷದ ಮಗುವಾಗಿದ್ದಾಗ ನಿನ್ನನ್ನು ಇಲ್ಲಿ ತಂದು ಬಿಟ್ಟದ್ದೂ ಹಾಗೆಯೇ. ನಿನ್ನ ಅಮ್ಮನಿಗೆ ಬ್ಯಾಂಕು, ಅವನಿಗೆ ಕಂತ್ರಾಟು, ನನಗೆ ನೀನು.

ಬುದ್ಧಿ ಹೇಳುವುದಿಲ್ಲ, ಕೇಳಿದ್ದಕ್ಕೆ ಉತ್ತರ ಕೊಡುತ್ತೇನೆ. ಕಾಪುವಿನ ಪಡುಗಡಲು ಕಾಲೇಜಿಗೆ ಸೇರಬೇಕೆನ್ನುವವರು ಏನೇನು ತಿಳಿದಿರಬೇಕು ಎಂದು ಕೇಳಿದ್ದೀಯ. ಅಲ್ಲಿ ಎರಡೇ ಸಲ ಅರ್ಜಿ ಹಾಕಲು ಬಿಡುತ್ತಾರೆ. ಇದು ನಿನ್ನ ಎರಡನೆಯದು, ಡಿಸೆಂಬರ್ ಹದಿನೈದು ಕೊನೆಯ ದಿನ. ಇದೂ ಕೈತಪ್ಪಿದರೆ ನಾಲ್ಕು ವರ್ಷ ಸರ್ಕ್ಯೂಟ್ ಬಿಡಿಸುತ್ತ ಕೂರಬೇಕು, ಮತ್ತು ಅದರಲ್ಲಿ ಒಂದಕ್ಷರವೂ ತಲೆಗೆ ಹೋಗುತ್ತಿಲ್ಲ ಎಂದು ನೀನೇ ಬರೆದಿದ್ದೀಯ. ಹಾಗಾಗಿ ಗಮನವಿಟ್ಟು ಓದು.

ನಿನ್ನ ತೊಂಬತ್ತೇಳು ಪರ್ಸೆಂಟನ್ನು ಮರೆತುಬಿಡು. ನಲವತ್ತು ಸೀಟಿಗೆ ಎರಡು ಸಾವಿರ ಅರ್ಜಿ ಬರುತ್ತದೆ, ಅದರಲ್ಲಿ ಮುಕ್ಕಾಲುಪಾಲು ಜನರಿಗೆ ತೊಂಬತ್ತೇಳೇ. ಮಣಿಪಾಲದಲ್ಲಿರುವ ಅವರ ಆಯ್ಕೆಯ ಕಚೇರಿಯಲ್ಲಿ ಯಾರೂ ಅಂಕಪಟ್ಟಿಯನ್ನು ಎರಡನೆಯ ಸಲ ತಿರುಗಿಸಿ ನೋಡಿದ್ದನ್ನು ನಾನು ಕಂಡಿಲ್ಲ. ನಿನ್ನ ಭರತನಾಟ್ಯದ ಸರ್ಟಿಫಿಕೇಟು, ಭಾಷಣದ ಕಪ್ಪು ಎಲ್ಲ ಫೈಲಿಗೆ ಭಾರ ಅಷ್ಟೆ. ಹನ್ನೆರಡೇ ಮಕ್ಕಳ ತರಗತಿ, ತತ್ತ್ವಶಾಸ್ತ್ರದ ಜೊತೆ ಜೀವಶಾಸ್ತ್ರ ಓದಬಹುದು ಎಂದು ನೀನು ಕಣ್ಣರಳಿಸಿ ಹೇಳುತ್ತಿದ್ದೆಯಲ್ಲ, ಅದೆಲ್ಲ ನಿಜವೇ. ಆದರೆ ಬಾಗಿಲು ತೆಗೆಯುವುದು ಪ್ರಬಂಧ ಓದಿದ ಮೇಲೆ.

ನನಗೆ ಇದೆಲ್ಲ ಹೇಗೆ ಗೊತ್ತು ಎಂದರೆ, ಅಲ್ಲಿಗೆ ಬರುವ ಕನ್ನಡದ ಪ್ರಬಂಧಗಳನ್ನು ಮೂರು ವರ್ಷದಿಂದ ಇಂಗ್ಲಿಷಿಗೆ ಮಾಡಿಕೊಡುತ್ತಿರುವವಳು ನಾನು. ಮನೆಯವರಿಗೂ ಹೇಳಬಾರದೆಂದು ಸಹಿ ಹಾಕಿಸಿಕೊಂಡಿದ್ದಾರೆ, ಈಗ ಹೇಳಿದೆ. ನಾನು ಗುರುವಾರ ಮಣಿಪಾಲಕ್ಕೆ ಹೋಗುವುದು ಹಲ್ಲಿನ ಡಾಕ್ಟರರ ಹತ್ತಿರ ಎಂದು ನೀನು ನಂಬಿದ್ದೆ. ಮೂರು ವರ್ಷ ರಿಪೇರಿ ಮಾಡಿಸುವಷ್ಟು ಹಲ್ಲು ನನ್ನ ಬಾಯಲ್ಲಿ ಇಲ್ಲ.

ಆಯ್ಕೆ ಸಮಿತಿಯ ಮುಖ್ಯಸ್ಥೆ ಝೀಟಾ ಎಂಬ ಹುಡುಗಿ. ನನಗೆ ಹುಡುಗಿಯೇ, ಪ್ರಾಯ ನಲವತ್ತಿರಬಹುದು. ಹಿಂದಿನ ಸಲ ಕೆಮ್ಮಣ್ಣು ಊರಿನ ಒಬ್ಬಳು ಬರೆದಿದ್ದಳು: ಅಮ್ಮ ಹಳೆಯ ಮೀನಿನ ಮೇಲೆ ಹೊಸ ಮೀನು ಹರಡಿ ಮಾರುತ್ತಾಳೆ, ನಾನು ಪಕ್ಕದಲ್ಲಿ ನಿಂತು ನೋಡಿಯೂ ಸುಮ್ಮನಿದ್ದೇನೆ, ಟ್ಯೂಷನ್ನಿಗೆ ಹೋದದ್ದು ಆ ದುಡ್ಡಿನಿಂದಲೇ ಎಂದು. ಝೀಟಾ ಅದನ್ನು ಎರಡು ಸಲ ಓದಿ, "ಟೀಚರ್, ಇವಳನ್ನು ಬಿಡುವ ಹಾಗೆಯೇ ಇಲ್ಲ" ಎಂದಳು. ಹುಡುಗಿ ಈಗ ಕಾಪುವಿನಲ್ಲಿ ಓದುತ್ತಿದ್ದಾಳೆ. ಅಮ್ಮ ಇನ್ನೂ ಮೀನು ಮಾರುತ್ತಿರಬೇಕು, ಮಗಳು ತನ್ನ ಬಗ್ಗೆ ಏನು ಬರೆದಳೆಂದು ಅವಳಿಗೆ ಯಾರೂ ಹೇಳಿರಲಿಕ್ಕಿಲ್ಲ. ಅವರಿಗೆ ಬೇಕಾದದ್ದು ಇಂಥ ಮಕ್ಕಳು, ತಿಳಿದುಕೋ. ಮನೆಯವರನ್ನು ಬಿಟ್ಟುಕೊಡಲು ಹೆದರದವರು. ಅದಕ್ಕೆ ಅವರು ಪ್ರಾಮಾಣಿಕತೆ ಎನ್ನುತ್ತಾರೆ.

ಸಂದರ್ಶನದಲ್ಲಿ ಒಂದೇ ಪ್ರಶ್ನೆಯನ್ನು ಮೂರು ಬಗೆಯಲ್ಲಿ ಕೇಳುತ್ತಾರೆ. ಮೂರಕ್ಕೂ ಚಂದದ ಉತ್ತರ ಕೊಟ್ಟವರು ಸೀದಾ ಬಸ್‌ಸ್ಟ್ಯಾಂಡಿಗೆ. ಗೊತ್ತಿಲ್ಲ ಎಂದು ಒಂದು ಸಲವಾದರೂ ಹೇಳು. ನಿನಗೆ ಅದು ಕಷ್ಟ. ಶಾಲೆಯಲ್ಲಿಯೂ ಕೈ ಎತ್ತದೆ ಕೂತವಳಲ್ಲ ನೀನು.

ಇನ್ನು ನಿನ್ನ ಹೋದ ವರ್ಷದ ಪ್ರಬಂಧದ ವಿಚಾರ. ಅದೂ ನನ್ನ ಮೇಜಿಗೆ ಬಂತು. ಹೆಸರಿರಲಿಲ್ಲ, ಇನ್ನೂರ ಹದಿನಾಲ್ಕು ಎಂಬ ನಂಬರು ಮಾತ್ರ. ನಿಮ್ಮನ್ನು ರೂಪಿಸಿದ ಒಬ್ಬರ ಕುರಿತು ಬರೆಯಿರಿ ಎಂಬುದು ವಿಷಯ. ಮೊದಲ ಪುಟದಲ್ಲೇ ಆಟಿ ಅಮಾವಾಸ್ಯೆ, ಮಳೆಗಾಲದ ಕಷಾಯದ ದಿನ. ಬೆಳಕು ಹರಿಯುವ ಮೊದಲು ಗಂಡಸರು ಹೋಗಿ ಕಲ್ಲಿನಿಂದ ಜಜ್ಜಿ ತರುವ ಪಾಲೆ ಮರದ ತೊಗಟೆಯ ಕೆತ್ತೆಯನ್ನು ನಿನ್ನ ಕತೆಯ ಅತ್ತೆ ತಾನೇ ಹೋಗಿ ತರುತ್ತಾಳೆ, ಮನೆಯಲ್ಲಿ ಗಂಡಸರಿಲ್ಲವಲ್ಲ. ಮಗುವಿನ ಮೂಗು ಹಿಡಿದು ಕಹಿ ಕಷಾಯ ಕುಡಿಸಿ, ಕೂಡಲೇ ಮೆಂತೆ ಗಂಜಿ ಕೊಡುತ್ತಾಳೆ. ಈ ಊರಿನಲ್ಲಿ ಕಲ್ಲು ಹಿಡಿದು ಪಾಲೆ ಮರದ ಬುಡಕ್ಕೆ ಹೋದ ಹೆಂಗಸು ನಾನೊಬ್ಬಳೇ, ಬರೆದವಳು ಯಾರೆಂದು ಮತ್ತೆ ಯೋಚಿಸಬೇಕಾಗಲಿಲ್ಲ. ಕಣ್ಣು ತುಂಬಿ ಬಂತು, ಸುಳ್ಳು ಹೇಳುವುದಿಲ್ಲ.

ಝೀಟಾ ನನ್ನ ಇಂಗ್ಲಿಷನ್ನು ಓದಿ ನನ್ನೆದುರೇ ಬದಿಗಿಟ್ಟಳು. "ಒಳ್ಳೆಯ ಅತ್ತೆಗೆ ಒಳ್ಳೆಯ ಹುಡುಗಿ ಓದಿದ ಸನ್ಮಾನಪತ್ರ ಇದು, ಟೀಚರ್. ನೋಯಿಸುವಂಥದ್ದು ಒಂದು ಗೆರೆಯಾದರೂ ಉಂಟಾ ಇದರಲ್ಲಿ?" ಎಂದು ಕೇಳಿದಳು. ನಾನು ಕನ್ನಡಕ ಒರೆಸಿಕೊಂಡು, "ಇಲ್ಲ" ಎಂದೆ. ಅಲ್ಲಿಗೆ ಮುಗಿಯಿತು. ನೀನು ಹದಿನೈದು ದಿನ ಊಟ ಬಿಟ್ಟದ್ದು, ನಾನು ಪಕ್ಕದಲ್ಲಿ ಕೂತು ಸಮಾಧಾನ ಮಾಡಿದ್ದು ನಿನಗೆ ನೆನಪಿರಬಹುದು. ಕನ್ನಡದಲ್ಲಿಯೇ ಬರೆ, ನಿನ್ನ ಕನ್ನಡಕ್ಕೆ ಸೋಲಿಲ್ಲ ಎಂದು ಹಟ ಹಿಡಿದವಳೂ ನಾನೇ.

ಬೇರೆ ವಿಶೇಷವಿಲ್ಲ. ನಿನ್ನ ಕೋಣೆಯ ಫ್ಯಾನು ಸರಿಮಾಡಿಸಿದೆ. ನೆರೆಮನೆಯವರು "ನಿಮ್ಮ ಮಗಳು ಯಾವಾಗ ಬರುತ್ತಾಳೆ?" ಎಂದು ಕೇಳುತ್ತಾರೆ, ರಜೆಗೆ ಎಂದಿದ್ದೇನೆ. ತಲೆಗೆ ಎಣ್ಣೆ ಹಾಕಿಕೋ, ರಾತ್ರಿ ಬರೀ ಬಿಸ್ಕತ್ತು ತಿಂದು ಮಲಗಬೇಡ. ಜನಾರ್ದನ ದೇವರು ನಿನಗೆ ಬೇಕಾದದ್ದನ್ನು ಕೊಡಲಿ, ನಿನ್ನ ಅಪ್ಪನಿಗೆ ಬೇಕಾದದ್ದನ್ನಲ್ಲ.

ನಿನ್ನ ಅತ್ತೆ,
ವೇದಾವತಿ

ಮರೆತ ಮಾತು: 'ಪ್ರಬಂಧದಲ್ಲಿ ನಾನು ಬರೆದದ್ದು ಅಷ್ಟೇ ಅಲ್ಲವಲ್ಲ' ಎಂದು ನಿನಗೆ ಓದುತ್ತಲೇ ಅನಿಸಿರಬೇಕು. ಹೌದು, ಅಷ್ಟೇ ಅಲ್ಲ. ಕೊನೆಯ ಪುಟದಲ್ಲಿ ಮೂರು ವಾಕ್ಯಗಳಿದ್ದವು. 'ಅತ್ತೆ ಎಲ್ಲರ ಎದುರು ನನ್ನನ್ನು ತನ್ನ ಮಗಳು ಎನ್ನುತ್ತಾರೆ. ಪ್ರತಿ ಸಲವೂ ನನಗೆ ನಾಚಿಕೆಯಾಗುತ್ತದೆ. ಅವರಿಗೆ ಬೇರೆ ಯಾರೂ ಇಲ್ಲವಲ್ಲ ಎಂದು ಸುಮ್ಮನಿರುತ್ತೇನೆ.'

ಆ ಮೂರನ್ನು ನಾನು ಇಂಗ್ಲಿಷಿಗೆ ಮಾಡಲಿಲ್ಲ. ಕಣ್ತಪ್ಪಿದ್ದಲ್ಲ, ಎರಡು ದಿನ ಇಟ್ಟುಕೊಂಡು ಯೋಚಿಸಿ ಬಿಟ್ಟದ್ದು. ಅವು ಇದ್ದಿದ್ದರೆ ನೀನು ಇವತ್ತು ಕಾಪುವಿನಲ್ಲಿರುತ್ತಿದ್ದೆ ಎಂದು ಬಿಡುವಾಗಲೇ ನನಗೆ ಗೊತ್ತಿತ್ತು. ಬೇಕಾದರೆ ಝೀಟಾಳಿಗೆ ಈ ಕಾಗದವನ್ನೇ ತೋರಿಸು.

ನೀನು ಈ ತನಕ ಬರೆದದ್ದರಲ್ಲೆಲ್ಲ ಅತ್ಯಂತ ಚಂದದ ಕನ್ನಡ ಆ ಮೂರು ವಾಕ್ಯಗಳದ್ದು. ಒಂದು ಪದ ಹೆಚ್ಚಿಲ್ಲ, ಒಂದು ಪದ ಕಡಿಮೆಯಿಲ್ಲ. ನಾನು ಕಲಿಸಿದ ಹಾಗೆಯೇ ಬರೆದಿದ್ದೀಯ.

ಈ ವರ್ಷವೂ ಕನ್ನಡದ ಪ್ರಬಂಧಗಳು ನನ್ನ ಕೈಗೇ ಬರುತ್ತವೆ. ನೀನು ಇಂಗ್ಲಿಷಿನಲ್ಲಿ ಬರೆ.