ಸಾಲಿನ ಕಟ್ಟಕಡೆಗೆ ಸರಿದ ಎಲೆ

ಹಾರಂಗಿ ದಡ,
ಸೆಪ್ಟೆಂಬರ್ ೧೯೧೯

ಚಿರಂಜೀವಿ ಮೊಣ್ಣಪ್ಪನಿಗೆ ನಿನ್ನ ದೊಡ್ಡಮ್ಮ ಗಂಗಮ್ಮನ ಆಶೀರ್ವಾದ.

ನಿನ್ನ ತಾಯಿ ಅಕ್ಕಮ್ಮನ ಮಂಡಿನೋವು ಹೇಗಿದೆ? ನಿನ್ನ ಹೆಂಡತಿ ಪೊನ್ನಕ್ಕನಿಗೆ ಮಡಿಕೇರಿಯ ಚಳಿ ಒಗ್ಗಿತೇ? ಮಗು ಬೆಳ್ಳಿಗೆ ಹಲ್ಲು ಬಂತೇ? ಇಲ್ಲಿ ನಾನು, ಸೊಸೆ ಹೊನ್ನಮ್ಮ ಉಸಿರಾಡಿಕೊಂಡಿದ್ದೇವೆ.

ಕೋವಿ-ಕತ್ತಿ ಪೂಜಿಸುವ ಕೈಲ್ ಮುಹೂರ್ತದ ಬೇಟೆಗೆ ನೀನು ಊರಿಗೆ ಬಂದು ಹೋದ ಮೇಲೆ ಒಂದು ಮಾತು ನನ್ನ ಗಂಟಲಲ್ಲೇ ಕೂತಿದೆ. ಹಂದಿಯ ಪಾಲು ಹಾಕಿದವನು ನೀನೇ. ಮನೆಗೊಂದರಂತೆ ಬಾಳೆಲೆ ಹಾಸುವ ಸಾಲಿನಲ್ಲಿ ನಮ್ಮ ಹಿರೀ ಮನೆಯದು ಯಾವತ್ತೂ ಮೊದಲು. ಕೋವಿ ಹಿಡಿಯುತ್ತಿದ್ದ ನನ್ನ ಮಗ ಕುಟ್ಟಪ್ಪ ಹೋದ ವರ್ಷದ ಜ್ವರದಲ್ಲಿ ಹೋದ. ಈ ಸಲ ಹೊನ್ನಮ್ಮ ತಂದ ಎಲೆಯನ್ನು ನೀನು ಎಲ್ಲರದಕ್ಕಿಂತ ಕಡೆಗೆ ಇಟ್ಟೆಯಂತೆ. "ಕೋವಿ ಬರ್ಲಿಲ್ಲ, ಬಾಳೆಲೆ ಮಾತ್ರ ಬಂತು ನೋಡ್ರೋ" ಅಂತ ನೆರೆಮನೆ ಸುಬ್ಬ ಅಂದಾಗ ನೀನೂ ನಕ್ಕೆಯಂತೆ. ಅವಳ ಎಲೆಗೆ ಬರುವಷ್ಟರಲ್ಲಿ ಉಳಿದದ್ದು ಎಲುಬು. "ಅತ್ತಿಗೆ, ಈ ಸಲ ಸ್ವಲ್ಪ ಕಡಿಮೆ ಆಯ್ತು" ಅಂದೆಯಂತೆ.

ಕುಟ್ಟಪ್ಪನ ಸ್ಲೇಟಿನಲ್ಲಿ ಅಕ್ಷರ ಕಲಿತವಳು ನಾನು. ಮಾತಿನ ಬೇರು ಕೆದಕುವ ಚಟ ಬಿಟ್ಟಿಲ್ಲ. ಕಡಿಮೆ ಅಂದರೆ ಕತ್ತಿಯಿಂದ ಕಡಿದದ್ದು ಅಂತಲೇ ತಿಳಿದಿದ್ದೆ. ಶಾಲೆಯ ಮಹದೇವಪ್ಪ ಮೇಷ್ಟ್ರನ್ನು ಕೇಳಿದೆ. "ಅಲ್ಲ ಗಂಗಮ್ಮೋರೇ, ಕಡೆ ಅನ್ನೋದ್ರಿಂದ ಬಂದಿರಬೇಕು. ಹಳಬರು ಕಡಮೆ ಅಂತಿದ್ರು. ಕೊನೇಲಿರೋದು, ಕೆಳಗಿರೋದು" ಅಂದರು. ಆಗ ತಿಳಿಯಿತು ಮಗಾ. ಹಂದಿ ಸಣ್ಣದೇನಿರಲಿಲ್ಲ. ಮೊದಲು ನಮ್ಮ ಎಲೆ ಕಟ್ಟಕಡೆಗೆ ಹೋಯಿತು. ಮಾಂಸ ಆಮೇಲೆ ಕಡಿಮೆಯಾಯಿತು.

ನಿನ್ನ ಅಪ್ಪ ತೀರಿಕೊಂಡ ವರ್ಷ ನಿಮ್ಮ ಮನೆಯಿಂದಲೂ ಕೋವಿ ಬಂದಿರಲಿಲ್ಲ. ನಿನಗಾಗ ನಾಲ್ಕು ವರ್ಷ. ನಿನ್ನ ದೊಡ್ಡಪ್ಪ ನಿಮ್ಮ ಎಲೆಯನ್ನು ನಮ್ಮ ಎಲೆಯ ಪಕ್ಕಕ್ಕೇ ತಂದಿಟ್ಟು, ಮೊದಲ ತುಂಡನ್ನು ಅದಕ್ಕೇ ಹಾಕಿದರು. ನಿನ್ನ ತಾಯಿಯನ್ನು ಕೇಳು, ಅವಳು ಮರೆತಿರಲಾರಳು.

ನೀನು ಕೊಟ್ಟದ್ದನ್ನು ನಾವು ಬೇಯಿಸಲಿಲ್ಲ. ನಿನ್ನ ಬೇಟೆನಾಯಿಗೇ ಹಾಕಿದೆ. ಪಾಪ, ಹಂದಿಯ ಹಿಂದೆ ಅದು ಓಡಿತ್ತಲ್ಲ.

ಹೊಸ ಭತ್ತದ ಹಬ್ಬ ಹುತ್ತರಿ ಕಳೆದ ಮೇಲಿನ ಬೇಟೆಗೆ ಹೊನ್ನಮ್ಮ ಕುಟ್ಟಪ್ಪನ ಕೋವಿಯನ್ನು ಹೆಗಲಿಗೇರಿಸಿಯೇ ಬರುತ್ತಾಳೆ. ಈಗಲೇ ಎಣ್ಣೆ ಹಚ್ಚಿ ಒರೆಸುತ್ತಿದ್ದಾಳೆ. ಇನ್ನೊಂದು ಕೈಯಲ್ಲಿ ಎಲೆಯೂ ಇರುತ್ತದೆ.

ನಿನ್ನ ಬೆಳ್ಳಿಯ ಎಲೆಯನ್ನು ಯಾರೂ ಎಂದೂ ಕಡೆಗೆ ಸರಿಸದಿರಲಿ ಎಂದು ಹರಸುವ,

ನಿನ್ನ ದೊಡ್ಡಮ್ಮ
ಗಂಗಮ್ಮ

ನಮ್ಮ ಎಲೆಯನ್ನು ಎಲ್ಲಿ ಇಡುತ್ತೀ ಅನ್ನುವುದೊಂದನ್ನು ಬರೆ. ಹುತ್ತರಿಗೆ ಮೊದಲೇ ಬರೆ, ಮಗಾ.